ಸಂಸಾರದ ನಡುವೆ ದೇವರಿಗೆ ಮೊದಲ ಸ್ಥಾನ: ಸಂತ ಥಾಮಸ್ ಮೋರ್

ದುಡಿಮೆ, ಮಕ್ಕಳ ವಿದ್ಯಾಭ್ಯಾಸ, ಸಂಪಾದನೆ, ಸಮಾಜದಲ್ಲಿ ಸ್ಥಾನಮಾನ - ಇವು ಯಾವುವೂ ಕೆಟ್ಟವಲ್ಲ. ಆದರೆ ಇವೇ ಬದುಕಿನ ನಡುಮನೆಯನ್ನು ಆಕ್ರಮಿಸಿಕೊಂಡಾಗ ದೇವರಿಗೆ ಜಗಲಿ ಮಾತ್ರ ಉಳಿಯುತ್ತದೆ. ಸಂಸಾರಸ್ಥರಾಗಿದ್ದುಕೊಂಡೇ ಈ ಅಪಾಯವನ್ನು ಗೆದ್ದವರು ಇಂಗ್ಲೆಂಡಿನ ಸಂತ ಥಾಮಸ್ ಮೋರ್.

1478ರಲ್ಲಿ ಲಂಡನ್ನಿನ ನ್ಯಾಯವಾದಿಯೊಬ್ಬರ ಮಗನಾಗಿ ಜನಿಸಿದ ಮೋರ್ ತಾವೂ ಕಾನೂನನ್ನೇ ಅಭ್ಯಾಸ ಮಾಡಿದರು. ತಾರುಣ್ಯದಲ್ಲಿ ಸುಮಾರು ನಾಲ್ಕು ವರ್ಷ ಕಾರ್ತೂಸಿಯನ್ ಸನ್ಯಾಸಿಗಳ ಮಠದ ಸಾನ್ನಿಧ್ಯದಲ್ಲಿದ್ದು ಅವರ ಜಪತಪಗಳಲ್ಲಿ ಪಾಲ್ಗೊಂಡರು. ಸಂತ ಅಗಸ್ಟೀನರು ದೇವನಗರವನ್ನು ಕುರಿತು ಬರೆದ ಮಹಾಕೃತಿಯ ಮೇಲೆ ಉಪನ್ಯಾಸಗಳನ್ನೂ ನೀಡಿದರು. ಪ್ರೀತಿಗೂ ಒಂದು ಕ್ರಮವುಂಟು, ಸೃಷ್ಟಿಕರ್ತನಿಗೆ ಸಲ್ಲಬೇಕಾದ ಸ್ಥಾನ ಸೃಷ್ಟಿಗೆ ಸಲ್ಲಬಾರದು ಎಂಬುದು ಅಗಸ್ಟೀನರ ಬೋಧೆಯ ತಿರುಳು. ಈ ಬೋಧೆಯನ್ನು ಮೋರ್ ಮಠದಲ್ಲಲ್ಲ, ಮನೆಯಲ್ಲಿ ಬಾಳಿ ತೋರಿಸಿದರು. 1505ರಲ್ಲಿ ಅವರ ವಿವಾಹವಾಯಿತು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ ಹುಟ್ಟಿದರು. 1511ರಲ್ಲಿ ಪತ್ನಿ ಜೇನ್ ತೀರಿಕೊಂಡಾಗ, ಎಳೆಯ ಮಕ್ಕಳಿದ್ದ ಅವರು ಆಲಿಸ್ ಎಂಬ ವಿಧವೆಯನ್ನು ವರಿಸಿದರು.

ಹೊಣೆಗಳು ಒಂದರ ಮೇಲೊಂದು ಬಂದವು. 1523ರಲ್ಲಿ ಸಂಸತ್ತಿನ ಸಭಾಧ್ಯಕ್ಷರಾದರು. 1529ರಲ್ಲಿ ದೇಶದ ಅತ್ಯುನ್ನತ ಪದವಿಗಳಲ್ಲೊಂದಾದ ಲಾರ್ಡ್ ಚಾನ್ಸಲರ್ ಸ್ಥಾನಕ್ಕೇರಿದರು. ಆದರೂ ಚೆಲ್ಸಿಯ ಅವರ ಮನೆಯಲ್ಲಿ ದೇವರ ವೇಳೆಯನ್ನು ಯಾರೂ ಕಸಿದುಕೊಳ್ಳಲಾಗಲಿಲ್ಲ. ಮನೆಮಂದಿಯೆಲ್ಲರೂ ಒಟ್ಟಾಗಿ ಪ್ರಾರ್ಥಿಸುತ್ತಿದ್ದರು. ಊಟದ ವೇಳೆ ಪವಿತ್ರಗ್ರಂಥದ ವಾಚನವಾಗುತ್ತಿತ್ತು. ಬಳಿಕ ವಿನೋದಕ್ಕೂ ಅವಕಾಶವಿತ್ತು. ಹೆಣ್ಣುಮಕ್ಕಳಿಗೂ ಲ್ಯಾಟಿನ್, ಗ್ರೀಕ್ ವಿದ್ಯೆ ದೊರೆಯಿತು. ಮನೆಯಿಂದ ತುಸು ದೂರದಲ್ಲಿ ಪ್ರಾರ್ಥನಾ ಮಂದಿರವೊಂದನ್ನು ಕಟ್ಟಿಸಿ, ಸಾಧ್ಯವಾದಾಗಲೆಲ್ಲ ಶುಕ್ರವಾರಗಳನ್ನು ಅಲ್ಲಿಯೇ ಕಳೆಯುತ್ತಿದ್ದರು. ಅಂಥ ಉನ್ನತ ಪದವಿಯಲ್ಲಿದ್ದವರು ಊರ ದೇವಾಲಯದ ಗಾಯನವೃಂದದಲ್ಲಿ ನಿಂತು ಹಾಡುತ್ತಿದ್ದುದನ್ನು ಕಂಡು ನಾರ್ಫೋಕಿನ ಪ್ರಭು ಬೆರಗಾದನಂತೆ.

ಎಂಟನೆಯ ಹೆನ್ರಿ ರಾಜನು ಧರ್ಮಪತ್ನಿ ಕ್ಯಾಥರೀನಳನ್ನು ತೊರೆದು ಮರುವಿವಾಹವಾಗಲು, ಧರ್ಮಸಭೆಯನ್ನೇ ತನ್ನ ಕೈವಶ ಮಾಡಿಕೊಳ್ಳಲು ಹೊರಟಾಗ ಮೋರ್ 1532ರಲ್ಲಿ ಪದವಿ ತ್ಯಜಿಸಿದರು. ಆದಾಯ ಕುಸಿಯಿತು, ದೊಡ್ಡ ಸಂಸಾರ ಮಿತವ್ಯಯಕ್ಕೆ ಇಳಿಯಿತು. 1534ರ ಏಪ್ರಿಲ್‌ನಲ್ಲಿ, ಹೊಸ ವಿವಾಹವನ್ನು ಮಾನ್ಯಮಾಡಿ ಪೋಪರ ಅಧಿಕಾರವನ್ನು ಅಲ್ಲಗಳೆಯುವ ಪ್ರಮಾಣವಚನವನ್ನು ಅವರು ನಿರಾಕರಿಸಿದರು. ಲಂಡನ್ ಗೋಪುರದಲ್ಲಿ 14 ತಿಂಗಳಿಗೂ ಹೆಚ್ಚು ಕಾಲ ಸೆರೆಯಾಳಾಗಿದ್ದರು.

ಅಲ್ಲಿ ಎದುರಾದದ್ದು ಬದುಕಿನ ಅತಿ ಕಠಿಣ ಪರೀಕ್ಷೆ. ಅವರ ಮನಸ್ಸನ್ನು ಸೆಳೆದದ್ದು ಹಣವಲ್ಲ, ಅಧಿಕಾರವಲ್ಲ, ಮನೆಯವರ ಮಮತೆ. ಪತ್ನಿ ಆಲಿಸ್ ಬಂದು ಮನೆಗೆ ಮರಳುವಂತೆ ಒತ್ತಾಯಿಸಿದರು. ಪ್ರಾಣಕ್ಕೆ ಪ್ರಾಣವಾಗಿದ್ದ ಮಗಳು ಮಾರ್ಗರೆಟ್ ಕೂಡ, ತಾನು ಪ್ರಮಾಣ ಸ್ವೀಕರಿಸಿದಂತೆ ತಂದೆಯೂ ಸ್ವೀಕರಿಸಲೆಂದು ಬೇಡಿಕೊಂಡಳು. ಮೋರ್ ಅವರನ್ನು ಗದರಿಸಲಿಲ್ಲ, ಅವರ ಆತ್ಮಸಾಕ್ಷಿಯನ್ನು ತೀರ್ಪಿಗೊಳಪಡಿಸಲಿಲ್ಲ. ಕುಟುಂಬದ ಮೇಲಿನ ಪ್ರೀತಿ ಕಿಂಚಿತ್ತೂ ಕುಂದಲಿಲ್ಲ. ಆದರೆ ಆ ಪ್ರೀತಿ ದೇವರ ಸ್ಥಾನವನ್ನು ಆಕ್ರಮಿಸಲಿಲ್ಲ. ಸೆರೆಯಲ್ಲಿಯೇ ಯೇಸುಸ್ವಾಮಿಯ ಯಾತನೆಯನ್ನು ಧ್ಯಾನಿಸಿ ಬರೆದರು. 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು. 1935ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ಅವರಿಗೆ ಸಂತ ಪದವಿ ನೀಡಿದರು. 2000ದಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಜೂನ್ 22 ಅವರ ಸ್ಮರಣೆಯ ದಿನ.

ಪ್ರಿಯ ಓದುಗರೇ, ಗೋಪುರದಲ್ಲಿ ಕಂಡ ಆ ಸ್ಥೈರ್ಯ ಒಂದೇ ರಾತ್ರಿಯಲ್ಲಿ ಮೂಡಿದ್ದಲ್ಲ. ಚೆಲ್ಸಿಯ ಊಟದ ಮೇಜಿನ ಬಳಿ, ಮನೆಮಂದಿಯ ಪ್ರಾರ್ಥನೆಯಲ್ಲಿ, ದಿನದಿನವೂ ಬೆಳೆದದ್ದು. ಸಂಜೆಯ ಜಪಸರದ ವೇಳೆ ನಮ್ಮ ಮನೆಗಳಲ್ಲಿ ದೂರದರ್ಶನ ಮಾತನಾಡುತ್ತಿದ್ದರೆ, ಮೊಬೈಲು ಕರೆಯುತ್ತಿದ್ದರೆ, ನಾವು ಕಳೆದುಕೊಳ್ಳುವುದು ಕೇವಲ ಅರ್ಧ ಗಂಟೆಯನ್ನಲ್ಲ. ಪರೀಕ್ಷೆಯ ದಿನಕ್ಕೆ ಬೇಕಾದ ಬಲವನ್ನು. ಆ ಅರ್ಧ ಗಂಟೆಯನ್ನು ಇಂದೇ ದೇವರಿಗೆ ಹಿಂದಿರುಗಿಸೋಣ.