ಎಕ್ಸ್-ರೇ ಗಾಡಿಯ ಮೇಡಂ ಕ್ಯೂರಿ

ಮೇಡಂ ಕ್ಯೂರಿ ಎಂದರೆ ರೇಡಿಯಂ, ಎರಡು ನೊಬೆಲ್ ಪ್ರಶಸ್ತಿ. ಶಾಲೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಯುದ್ಧಕಾಲದ ಆಸ್ಪತ್ರೆಗಳಲ್ಲಿ ಎಕ್ಸ್-ರೇ ಯಂತ್ರದ ಪಕ್ಕ ನಿಂತ ಕ್ಯೂರಿ ನಮಗೆ ಅಷ್ಟಾಗಿ ಪರಿಚಿತರಲ್ಲ.

1867ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಮೇರಿ, ಅಲ್ಲಿನ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದ ಕಾರಣ 1891ರಲ್ಲಿ ಪ್ಯಾರಿಸ್‌ಗೆ ಹೋದರು. 1898ರಲ್ಲಿ ಪತಿ ಪಿಯರ್ ಜೊತೆ ಕಂಡುಹಿಡಿದ ಮೊದಲ ಧಾತುವಿಗೆ ಪೊಲೋನಿಯಂ ಎಂದು ತಾಯ್ನಾಡು ಪೋಲೆಂಡಿನ ಹೆಸರಿಟ್ಟರು. ಊರು ಬಿಟ್ಟು ಬಂದವರಿಗೆ ಆ ಮನಸ್ಸು ಅರ್ಥವಾಗುತ್ತದೆ. 1906ರಲ್ಲಿ ಪಿಯರ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಗಾಯಾಳುಗಳ ಮೈಯಲ್ಲಿ ಹೊಕ್ಕ ಗುಂಡು, ಚೂರುಗಳನ್ನು ಹುಡುಕಲು ರಣರಂಗದ ಹತ್ತಿರ ಎಕ್ಸ್-ರೇ ಇರಲಿಲ್ಲ. ಕ್ಯೂರಿ ಮೋಟಾರು ಗಾಡಿಗಳಲ್ಲಿ ಯಂತ್ರ ಕೂರಿಸಿದರು. ಗಾಡಿಯ ಎಂಜಿನ್‌ನಿಂದ ಡೈನಮೊ ತಿರುಗಿಸಿ ವಿದ್ಯುತ್ ಪಡೆದರು. ತಾವೇ ಡ್ರೈವಿಂಗ್ ಕಲಿತರು. ಇಂಥ ಸುಮಾರು 20 ಗಾಡಿಗಳು, 200 ಎಕ್ಸ್-ರೇ ಕೋಣೆಗಳು ಸಿದ್ಧವಾದವು. ಮಗಳು ಐರೀನ್ ಹದಿಹರೆಯದಲ್ಲೇ ಜೊತೆಗೂಡಿದಳು. ಸುಮಾರು 150 ಮಹಿಳೆಯರು ತರಬೇತಿ ಪಡೆದರು. ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರ ತಪಾಸಣೆಯಾಯಿತು.

ಕೆಲವೊಮ್ಮೆ ಎಕ್ಸ್-ರೇ ಹರಿಯುತ್ತಿರುವಾಗಲೇ, ಪರದೆಯ ಚಿತ್ರ ನೋಡುತ್ತಾ ಸರ್ಜನ್ ಚೂರನ್ನು ಹೊರತೆಗೆಯುತ್ತಿದ್ದರು. ರೋಗಿಯ ಮೈಗೆ ಬಡಿದು ಚದುರಿದ ಕಿರಣ ಪಕ್ಕದಲ್ಲಿದ್ದವರಿಗೂ ತಾಗುತ್ತಿತ್ತು. ಇಂದಿನಂಥ ರಕ್ಷಣೆ ಆಗಿರಲಿಲ್ಲ.

1934ರ ಜುಲೈ 4ರಂದು ಕ್ಯೂರಿ ತೀರಿಕೊಂಡರು. ಅಸ್ಥಿಮಜ್ಜೆ ಸೋತು, ರಕ್ತಕಣಗಳು ಹುಟ್ಟುವುದೇ ನಿಂತಿತ್ತು. ರೇಡಿಯಂ ಕೊಂದಿತು ಎಂದೇ ಎಲ್ಲರೂ ನಂಬಿದ್ದರು. 1995ರಲ್ಲಿ ಸಮಾಧಿ ಸ್ಥಳಾಂತರಿಸುವಾಗ ಪರೀಕ್ಷಿಸಿದ ಫ್ರಾನ್ಸ್‌ನ ವಿಕಿರಣ ರಕ್ಷಣಾ ಸಂಸ್ಥೆ, ಯುದ್ಧಕಾಲದ ಎಕ್ಸ್-ರೇಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು ಎಂದಿತು. ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರ್‌ಗೆ ಬಲಿಯಾದರು.

ತಳೇಗಾಂವದಲ್ಲಿ ನೆಲೆಸಿದ ನಮ್ಮಂಥವರು ಅಪ್ಪ-ಅಮ್ಮನ ಆಂಜಿಯೋಪ್ಲಾಸ್ಟಿಗೆ ಪುಣೆಯ ಆಸ್ಪತ್ರೆಗೆ ಹೋದಾಗ ಒಳಗೆ ನಡೆಯುವುದೂ ಇದೇ ವಿಧಾನ. ರೋಗಿಗೆ ಅಪರೂಪಕ್ಕೊಮ್ಮೆ ಕಿರಣ ತಾಗಿದರೆ, ಡಾಕ್ಟರು, ನರ್ಸ್, ಟೆಕ್ನಿಷಿಯನ್‌ಗಳಿಗೆ ದಿನವೂ ತಾಗುತ್ತದೆ. ಹೀಗಾಗಿ ಸೀಸದ ಏಪ್ರನ್, ಕುತ್ತಿಗೆಗೆ ಕಾಲರ್, ಸೀಸದ ಗಾಜು ಇವೆ. ಬೇಕಾದಷ್ಟೇ ಹೊತ್ತು ಪೆಡಲ್ ಒತ್ತುವುದು ರೋಗಿಯ ಚರ್ಮಕ್ಕೂ ಕ್ಷೇಮ. ನಮ್ಮ ದೇಶದಲ್ಲಿ ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿಯಿದೆ. ಲೆಕ್ಕ ಇಡುವುದು ಏಪ್ರನ್ ಒಳಗೆ ಎದೆಯ ಬಳಿ ಧರಿಸುವ ಟಿಎಲ್‌ಡಿ ಬ್ಯಾಡ್ಜ್. ಅದನ್ನು ಡ್ರಾಯರಿನಲ್ಲಿಟ್ಟರೆ, ಡ್ರಾಯರಿಗೆ ತಾಗಿದ ಕಿರಣದ ಲೆಕ್ಕವಷ್ಟೇ ಸಿಗುತ್ತದೆ.

ಕ್ಯೂರಿಗೆ ಆ ಬ್ಯಾಡ್ಜ್ ಇರಲಿಲ್ಲ. ಇಂದಿನವರಿಗೆ ಇದೆ. ಧರಿಸಬೇಕು, ಅಷ್ಟೆ.