ಹಲ್ಲಿನ ಪಾಚಿಯಲ್ಲಿ ಜೀವಲೋಕ ಕಂಡ ಲೀವೆನ್‌ಹಾಕ್

ಆಂಟನಿ ವಾನ್ ಲೀವೆನ್‌ಹಾಕ್ ಅವರು 1632ರ ಅಕ್ಟೋಬರ್ 24ರಂದು ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಜನಿಸಿದರು. ಬುಟ್ಟಿ ಹೆಣೆಯುವ ತಂದೆ ಬಾಲ್ಯದಲ್ಲೇ ತೀರಿಕೊಂಡರು. ಇವರು ಕಾಲೇಜು ಕಂಡವರಲ್ಲ. ಬಟ್ಟೆ ಅಂಗಡಿ ನಡೆಸುತ್ತ, ತಾವೇ ಮಸೂರ ತಯಾರಿಸಿ ಸೂಕ್ಷ್ಮದರ್ಶಕ ಮಾಡಿಕೊಂಡರು. ಕಂಡದ್ದನ್ನೆಲ್ಲ 1673ರಿಂದ ಸುಮಾರು 50 ವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದರು. ಅದೂ ತಮ್ಮ ಮನೆಮಾತು ಡಚ್ಚಿನಲ್ಲೇ! ಮಾತೃಭಾಷೆಯಲ್ಲಿ ಓದಲು ಹಿಂಜರಿಯುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1683ರಲ್ಲಿ ಅವರು ತಮ್ಮ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಪರೀಕ್ಷಿಸಿದರು. ದಿನವೂ ಉಪ್ಪಿನಿಂದ ಉಜ್ಜುವ ಹಲ್ಲುಗಳವು. ಆದರೂ ಅಲ್ಲಿ ಅಸಂಖ್ಯ ಜೀವಿಗಳು ಓಡಾಡುತ್ತಿದ್ದವು. ಬಳಿಕ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿ ನೋಡಿದರು, ಪಾಚಿಯೊಳಗಿನವು ಸಾಯಲಿಲ್ಲ. ಅದೇ ಪಾಚಿಯನ್ನು ಹೊರತೆಗೆದು ಕದಡಿ ವಿನೆಗರ್ ಸೇರಿಸಿದಾಗ ಸತ್ತವು. ಪದರದ ಒಳಕ್ಕೆ ವಿನೆಗರ್ ಇಳಿಯುವುದಿಲ್ಲವೆಂದು ಅವರು ತರ್ಕಿಸಿದರು.

ಆ ಪದರವನ್ನೇ ಇಂದು ಬಯೋಫಿಲ್ಮ್ ಎನ್ನುತ್ತೇವೆ. ಬ್ಯಾಕ್ಟೀರಿಯಗಳು ತಾವೇ ಸ್ರವಿಸಿದ ಅಂಟಿನೊಳಗೆ ಗುಂಪಾಗಿ ನೆಲೆಸುತ್ತವೆ. ಅಂಟು ಔಷಧವನ್ನು ತಡೆಯುತ್ತದೆ. ಜೊತೆಗೆ ಒಳಗಿನವು ಬಹಳ ನಿಧಾನವಾಗಿ ಬೆಳೆಯುವುದರಿಂದ ಆಂಟಿಬಯೋಟಿಕ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ರೋಗಿಗೆ ಹಾಕಿದ ಕ್ಯಾತಿಟರ್ ಅಥವಾ ಕೃತಕ ಕೀಲಿನ ಮೇಲೆ ಇದು ಕಟ್ಟಿಕೊಂಡರೆ ಎಷ್ಟೋ ಸಲ ಆ ಸಾಧನವನ್ನೇ ತೆಗೆಯಬೇಕಾಗುತ್ತದೆ.

1680ರಲ್ಲೇ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತ್ತು. ಆದರೆ ಉತ್ತಮ ಮಸೂರ ತಯಾರಿಸುವ ಗುಟ್ಟನ್ನು ಅವರು ಯಾರಿಗೂ ಕಲಿಸಲಿಲ್ಲ; ಶಿಕ್ಷಕನಾದ ನನಗೆ ಅದೊಂದು ಕೊರತೆಯೆನಿಸುತ್ತದೆ. 1723ರ ಆಗಸ್ಟ್ 26ರಂದು, ತಮ್ಮ 90ನೇ ವಯಸ್ಸಿನಲ್ಲಿ, ಹುಟ್ಟೂರಿನಲ್ಲೇ ನಿಧನರಾದರು.