ತನ್ನ ಮೈಯನ್ನೇ ಲ್ಯಾಬ್ ಮಾಡಿಕೊಂಡ ಹಾಲ್ಡೇನ್

ತಡಿಯಂಡಮೋಳ್ ಹತ್ತಿ ಏದುಸಿರು ಬಂದಾಗ ನಾವೆಲ್ಲ ಆಕ್ಸಿಜನ್ ಸಾಲ್ತಿಲ್ಲ ಅಂತೀವಿ. ಆದರೆ ದಿನನಿತ್ಯ ನಮ್ಮ ಉಸಿರಾಟದ ವೇಗವನ್ನು ಮುಖ್ಯವಾಗಿ ಹಿಡಿತದಲ್ಲಿ ಇಟ್ಟಿರೋದು ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್. ಅದು ಸ್ವಲ್ಪ ಏರಿದರೂ ಮೆದುಳು ಉಸಿರು ಜೋರು ಮಾಡಿಸುತ್ತೆ, ಇಳಿದರೆ ನಿಧಾನ ಮಾಡಿಸುತ್ತೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದ ಫೀಡ್‌ಬ್ಯಾಕ್ ಲೂಪ್ ಅಂದ್ರೆ ಇದೇ. 1905ರಲ್ಲಿ ಇದನ್ನು ತೋರಿಸಿದವರು ಆಕ್ಸ್‌ಫರ್ಡಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ. ಆ ಲೂಪಿನೊಳಗೆ ತಾವೇ ಇಳಿದು ನೋಡಿದವರು ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್.

ಹುಟ್ಟಿದ್ದು 1892ರಲ್ಲಿ. ಹುಡುಗನಾಗಿದ್ದಾಗಲೇ ಅಪ್ಪ ಗಣಿಯೊಳಗೆ ಕರ್ಕೊಂಡು ಹೋಗಿ, ಮೀಥೇನ್ ತುಂಬಿದ ಜಾಗದಲ್ಲಿ ನಿಲ್ಲಿಸಿ, ಶೇಕ್ಸ್‌ಪಿಯರ್ ನಾಟಕದ ಮಾರ್ಕ್ ಆಂಟನಿಯ ಭಾಷಣ ಹೇಳಿಸಿದರು. ಸ್ವಲ್ಪ ಹೊತ್ತಲ್ಲೇ ಹುಡುಗ ಕುಸಿದ. ಮೀಥೇನ್ ಹಗುರ, ಮೇಲೇ ನಿಲ್ಲುತ್ತೆ. ನೆಲದ ಹತ್ತಿರದ ಗಾಳಿ ಉಸಿರಾಡೋಕೆ ಚೆನ್ನಾಗಿತ್ತು, ಹುಡುಗ ಉಳಿದ. ಯಾವ ಪೇರೆಂಟ್ಸ್ ಮೀಟಿಂಗಿನಲ್ಲೂ ಸಮರ್ಥಿಸೋಕೆ ಆಗದ ಪಾಠ ಇದು!

1920ರ ಸುಮಾರಿಗೆ ಮಗನ ಪ್ರಶ್ನೆ ಬೇರೆ ಇತ್ತು. ಮೆದುಳು ಗಮನಿಸೋದು ಕಾರ್ಬನ್ ಡೈಆಕ್ಸೈಡನ್ನೋ, ಅದರಿಂದ ರಕ್ತಕ್ಕೆ ಬರುವ ಆಮ್ಲತೆಯನ್ನೋ? ಒಂದೇ ಇನ್‌ಪುಟ್ ಬದಲಿಸಿ ಇಡೀ ವ್ಯವಸ್ಥೆ ಹೇಗೆ ಹೊಂದಿಕೊಳ್ಳುತ್ತೆ ಅಂತ ನೋಡಬೇಕಿತ್ತು. ಅಡಿಗೆ ಸೋಡಾ ತಿಂದರು, ರಕ್ತ ಕ್ಷಾರವಾಯಿತು, ಉಸಿರು ತಗ್ಗಿತು. ಆಮ್ಲ ಏರಿಸೋದು ಕಷ್ಟ. ಹೈಡ್ರೋಕ್ಲೋರಿಕ್ ಆಸಿಡ್ ಹಾಗೇ ಕುಡಿದರೆ ಗಂಟಲು ಸುಡುತ್ತೆ. ಅದಕ್ಕೆ ಅಮೋನಿಯಂ ಕ್ಲೋರೈಡ್ ನೀರಲ್ಲಿ ಕರಗಿಸಿ ಕುಡಿದರು. ಯಕೃತ್ತು ಅಮೋನಿಯಾವನ್ನು ಯೂರಿಯಾ ಮಾಡಿಬಿಡುತ್ತೆ, ಆಸಿಡ್ ಒಳಗೇ ಉಳಿಯುತ್ತೆ. ಕೆಲವು ದಿನ ಸುಮ್ನೆ ಕೂತರೂ ಏದುಸಿರು. ಮುಂದೆ ಇದೇ ಉಪಾಯ ಟೆಟನಿಯಿಂದ ಸೆಟೆದುಕೊಳ್ಳುತ್ತಿದ್ದ ಕೂಸುಗಳ ಚಿಕಿತ್ಸೆಗೆ ಬಂತು.

1925ರಲ್ಲಿ ಬ್ರಿಗ್ಸ್ ಜೊತೆ ಕಿಣ್ವಗಳಿಗೆ ಸ್ಟೆಡಿ ಸ್ಟೇಟ್ ಸಮೀಕರಣ ಬರೆದರು. ಹಾರಂಗಿ ಡ್ಯಾಮಿನ ಒಳಹರಿವು, ಹೊರಹರಿವು ಸಮ ಇದ್ದರೆ ನೀರಿನ ಮಟ್ಟ ನಿಂತಲ್ಲೇ ನಿಲ್ಲುತ್ತಲ್ಲ, ಅದೇ ಲೆಕ್ಕ. ಇವತ್ತು ಕಂಪ್ಯೂಟರಿನಲ್ಲಿ ಜೀವಕೋಶದ ಮಾದರಿ ಕಟ್ಟುವವರು ಈಗಲೂ ಇದನ್ನು ಬಳಸ್ತಾರೆ.

1939ರ ಜೂನ್ 1ರಂದು ಥೆಟಿಸ್ ಜಲಾಂತರ್ಗಾಮಿ ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗಿ 99 ಜನ ಸತ್ತರು, ನಾಲ್ವರಷ್ಟೇ ಹೊರಬಂದರು. ಒಳಗೆ ಏನಾಗಿರಬಹುದು ಅಂತ ತಿಳಿಯೋಕೆ ಹಾಲ್ಡೇನ್ ಕೆಲವು ಸ್ವಯಂಸೇವಕರ ಜೊತೆ ಮುಚ್ಚಿದ ಉಕ್ಕಿನ ಕೋಣೆಯಲ್ಲಿ ಗಂಟೆಗಟ್ಟಲೆ ಕೂತು ಕೆಟ್ಟ ಗಾಳಿ ಸೇವಿಸಿದರು. ಮುಂದೆ ಒತ್ತಡದ ಪ್ರಯೋಗಗಳಲ್ಲಿ ಆಕ್ಸಿಜನ್ನೇ ವಿಷವಾಗಿ ಫಿಟ್ಸ್ ಬಂದು ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಕಿವಿಯ ತಮಟೆಯೂ ತೂತಾಗಿತ್ತು. ಸಿಗರೇಟಿನ ಹೊಗೆಯನ್ನು ಕಿವಿಯಿಂದ ಬಿಡಬಲ್ಲೆ ಅಂತ ಜಂಬ ಬೇರೆ! ಅಷ್ಟು ಅಪಾಯ ಬೇಕಿತ್ತಾ ಅಂತ ನಮ್ಮಲ್ಲೇ ಜಗಳ ಇದೆ. ಆದರೆ ತನಗೆ ಬೇಡವಾದ ಅಪಾಯವನ್ನು ಇನ್ನೊಬ್ಬರ ಮೈಮೇಲೆ ಹಾಕದ ಮನುಷ್ಯ ಅನ್ನೋದರಲ್ಲಿ ಜಗಳವಿಲ್ಲ.

1957ರಲ್ಲಿ ಲಂಡನ್ ಬಿಟ್ಟು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಕುರ್ತಾ ಹಾಕಿದರು, ಮಾಂಸ ಬಿಟ್ಟರು, ಭಾರತದ ಪೌರರಾದರು. ದುಬಾರಿ ಯಂತ್ರ ಇಲ್ಲದಿದ್ದರೆ ಗಿಡದ ಹೂವನ್ನಾದರೂ ಎಣಿಸಿ ಅನ್ನೋದು ಹುಡುಗರಿಗೆ ಅವರ ಪಾಠವಾಗಿತ್ತು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮೊದಲೇ ಬರೆದಿಟ್ಟಿದ್ದಂತೆ ದೇಹ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ, ಅಲ್ಲಿನ ವಿದ್ಯಾರ್ಥಿಗಳ ಕೈಗೆ ಹೋಯಿತು.